ಗಡಸು ನೀರಿಗೊಂದು ನೊರೆ

ಲ್ಯೂಟನ್ನಿನ ನಲ್ಲಿಯಲ್ಲಿ ಸುಣ್ಣ ಬರುತ್ತದೆ.
ಕೆಟಲಿನ ಹೊಟ್ಟೆಯೊಳಗೆ ಬಿಳಿ ಹಕ್ಕಳೆ,
ಷವರಿನ ಅರ್ಧ ಕಣ್ಣು ಕುರುಡು.
ಸಾಬೂನು ಉಜ್ಜಿದರೆ ನೊರೆಯಲ್ಲ, ಒಡೆದ ಹಾಲಿನಂಥ ಗಸಿ
ಟಬ್ಬಿನ ಸುತ್ತ ಬೂದು ಗೆರೆ ಎಳೆದು ಕೂರುತ್ತದೆ.

ನನಗೇನೂ ಹೊಸದಲ್ಲ.
ಗದಗಿನ ಸವಳು ನೀರಲ್ಲಿ ಮಿಂದವಳು ನಾನು,
ಬೇಳೆ ಬೇಯದ ನೀರು, ಜಡೆ ಬಿಚ್ಚಿದರೆ ಕತ್ತದ ಹಗ್ಗ.
ನೊರೆಯೆಂಬುದು ಜಾಹೀರಾತಿನ ಹೆಂಗಸರ ಸ್ವತ್ತು
ಎಂದೇ ತಿಳಿದಿದ್ದೆ.

ಗೋಡೆಯಾಚೆಯ ಗ್ಲೆನಿಸ್ ಹಾಗಲ್ಲ.
ಅವಳ ವೇಲ್ಸಿನ ಬೆಟ್ಟದ ನೀರಿಗೆ
ಸಾಬೂನು ತೋರಿಸಿದರೆ ಸಾಕಂತೆ, ಮೊಣಕೈವರೆಗೆ ನೊರೆ.
ಇಪ್ಪತ್ತಾರು ವರ್ಷ ಇಲ್ಲಿಯ ಶಾಲೆಯ ಅಡುಗೆಮನೆಯಲ್ಲಿ
ಗ್ರೇವಿಯ ಹಂಡೆ ತಿಕ್ಕಿದ್ದಾಳೆ, ಬಾಯಲ್ಲಿ ನೊರೆ ಬರುವಂತೆ ದುಡಿದು;
ಈಗ ಬೆರಳ ಸಂದಿಯಲ್ಲಿ ಕೆಂಪು ಬಿರುಕು,
ನಿಂಬೆ ಹಿಂಡುವಾಗ ಹಲ್ಲು ಕಚ್ಚುತ್ತಾಳೆ.
"ನೀನು ಅದೇನೋ ಕಲಸುತ್ತೀಯಲ್ಲ, ನನಗೂ ಒಂದು ಸೀಸೆ.
ಉರಿಯಬಾರದು.
ಆದರೆ ನೊರೆ ಮಾತ್ರ ಬೇಕು."

ಮೇಜಿನ ಮೇಲೆ ಸ್ವಯಂವರ.
ಮೊದಲು ಸಲ್ಫೇಟು: ಒಂದು ಚಿಟಿಕೆಗೆ ಬಕೆಟ್ಟು ತುಂಬುವ ಗತ್ತು.
ಕೊಳೆಯೊಂದಿಗೆ ತೊಗಲಿನ ಪಸೆಯನ್ನೂ ಬಳಿದೊಯ್ಯುತ್ತದೆ,
ಮುಸುರೆ ತಿಕ್ಕಲು ಬಂದವಳು
ಉಪ್ಪಿನಕಾಯಿ ಭರಣಿಯನ್ನೂ ತೊಳೆದಿಟ್ಟ ಹಾಗೆ.
ಮುಚ್ಚಳ ಹಾಕಿದೆ.

ಆಮೇಲೆ ಅಂಟವಾಳ, ಲೆಸ್ಟರಿನ ಅಂಗಡಿಯದು.
ನೆನೆಸಿ ಕಿವುಚಿದರೆ ಬಂತು ಬಡಪಾಯಿ ನೊರೆ, ಕಂದು ಬಣ್ಣದ್ದು;
ಒಳ್ಳೆಯದೇ, ಆದರೆ ಕಣ್ಣಿಗೆ ತಾಗಿದರೆ ಹೆಡೆಯೆತ್ತುತ್ತದೆ,
ಮೂರನೇ ದಿನಕ್ಕೆ ಹುಳಿವಾಸನೆ.

ಕೊನೆಗೆ ಈ ಮಂದ ದ್ರವ. ಕೋಕೋ ಗ್ಲುಕೋಸೈಡ್ ಎಂದು ಚೀಟಿ.
ತೆಂಗು, ಸಕ್ಕರೆ! ಹೋಳಿಗೆ ಮನೆಯ ಹುಡುಗಿಗೆ
ಯಾರೋ ಕಾರ್ಖಾನೆಯ ಹೆಸರಿಟ್ಟಿದ್ದಾರೆ.
ಕ್ಷಾರ ಮುರಿಯಲು ನಿಂಬೆಹುಳಿಯ ಹರಳು,
ಕಾಗದದ ಪಟ್ಟಿ ನೀಲಿ ಬಿಟ್ಟು ಹಳದಿಗೆ ಬರುವವರೆಗೆ
ಇಷ್ಟಿಷ್ಟೇ, ಇಷ್ಟಿಷ್ಟೇ.
ಕಲಕಿದರೆ ಸಣ್ಣ ನೊರೆ, ಒತ್ತು ನೊರೆ,
ಆಗಷ್ಟೇ ಕರೆದ ಎಮ್ಮೆಹಾಲಿನ ಮೇಲಿನದು.
ನನ್ನ ಮೊಣಕೈಯ ಒಳಮಗ್ಗುಲಿಗೆ ಹಚ್ಚಿ
ಒಂದು ರಾತ್ರಿ ಕಾವಲು ಕೂತೆ. ಏನೂ ಆಗಲಿಲ್ಲ.
ಏನೂ ಆಗದಿರುವುದೇ ಇದರ ಗುಣ,
ಯಾವ ಡಬ್ಬಿಯ ಮೇಲೂ ಇದನ್ನು ಅಚ್ಚು ಹಾಕುವುದಿಲ್ಲ.

ಭಾನುವಾರ ನನ್ನ ಸಿಂಕಿನ ಮುಂದೆ ಗ್ಲೆನಿಸ್.
ಅಂಗೈ ಅಂಗೈಗೆ ಉಜ್ಜಿ ನೋಡಿದಳು.
"ಇಷ್ಟೇನಾ?"
ಇಷ್ಟೇ, ಎಂದೆ. ನೊರೆ ತೊಳೆಯುವುದಿಲ್ಲ ಮಾರಾಯ್ತಿ,
ತೊಳೆದೆವೆಂಬ ಸಮಾಧಾನ ಕೊಡುತ್ತದೆ, ಅಷ್ಟೇ.
ಅವಳಿಗದು ಕೇಳಿಸಿದಂತಿಲ್ಲ.
ನಲ್ಲಿ ನಿಲ್ಲಿಸಿ, ಗುಳ್ಳೆಗಳು ಒಂದೊಂದೇ ಒಡೆಯುವುದನ್ನು
ತನ್ನ ಭಾಷೆಯಲ್ಲಿ ಎಣಿಸುತ್ತಿದ್ದಳು.

ಉರಿ?
"ತಾಳು," ಎಂದಳು, "ಇನ್ನೂ ಬಂದಿಲ್ಲ."

ತಡವಾದ ಬಸ್ಸಿಗೆ ಕಾದ ಹಾಗೆ
ಇಬ್ಬರೂ ಕಾದೆವು,
ಒದ್ದೆ ಕೈಗಳನ್ನು ಕಿಟಕಿಯ ಬೆಳಕಿಗೆ ಹಿಡಿದು.