ಒಂಬತ್ತರಲ್ಲಿ ಎಂಟು

ಅಮ್ಮತ್ತಿಯ ನನ್ನ ಮೆಡಿಕಲ್ ಶಾಪಿನಲ್ಲಿ
ಗಿರಾಕಿ ತೆಳುವಾಗುವ ಹೊತ್ತು
ಕ್ಯಾಲ್ಸಿಯಂ ಮಾತ್ರೆಯ ಬಿಲ್ಲಿನ ಬೆನ್ನಿಗೆ ಪಟ್ಟಿ ಬರೆದೆ:
ಶನಿವಾರದ ರೇಡಿಗೆ ಯಾವ ವರ್ಗ ಮೊದಲು, ಯಾವುದು ಕೊನೆ.
ಗಿಲ್ಡಿಗೆ ನಾನೇ ಯಜಮಾನಿ.
ಬೈಗುಳವೂ ನನ್ನ ಪಾಲಿನದೇ.

ಮೊದಲು ಗುರಾಣಿಯವರು. ಇದರಲ್ಲಿ ಚರ್ಚೆಯಿಲ್ಲ.
ಪಾಲಿಬೆಟ್ಟದ ದೇಚಮ್ಮ ಟೀಚರ್ ಬಾಗಿಲಿಗೆ ಅಡ್ಡ ನಿಂತರೆ
ತುಕ್ಕುದೊರೆಯ ಕೊಡಲಿ ಅವಳಿಗೇ, ನಮಗಲ್ಲ.
ಆರನೇ ಕ್ಲಾಸನ್ನು ಹನ್ನೊಂದು ವರ್ಷ ತಡೆದವಳು.
ಎರಡು, ಗಾಯ ಮಾಯಿಸುವವರು.
ನಾನು ಅದೇ ವರ್ಗ, ಅದಕ್ಕೇ ಎರಡು
ಅನ್ನುವವರು ಅನ್ನಲಿ.
ಮೂರು, ಬೆಂಕಿಯ ಮಾಂತ್ರಿಕರು:
ಸುಂಟಿಕೊಪ್ಪದ ಎಸ್ಟೇಟ್ ರೈಟರ್ ಸೆಲ್ವರಾಜು
ಹಗಲೆಲ್ಲ ಆಳುಗಳ ಹಾಜರಿ ಬರೆದ ಕೈಯಲ್ಲಿ
ಒಂದೇ ಉಸಿರಿಗೆ ನಾಲ್ಕು ಲಕ್ಷ ಸುಡುತ್ತಾನೆ,
ಆಮೇಲೆ ಓಡಲಾಗದೆ ಸಾಯುತ್ತಾನೆ. ಪ್ರತಿ ಸಲ.
ನಾಲ್ಕು ಕಠಾರಿ. ಐದು ಬಿಲ್ಲು.
ಆರು ಏಳು ಬರೆದು, ಹೊಡೆದು, ಮತ್ತೆ ಬರೆದೆ;
ನಡುವೆ ಯಾರೋ ಬಂದು ಕೆಮ್ಮಿನ ಸಿರಪ್ ಒಯ್ದರು.

ಎಂಟು, ಹಾಡುಗಾರರು.
ಏಟಿನ ಲೆಕ್ಕದಲ್ಲಿ ಮೊಯ್ದುವಿನ ತಂಬೂರಿ
ನೂರಕ್ಕೆ ಎರಡು. ದೇವರಿಗೆ ಹೆದರಿ ಬರೆದರೆ ಎರಡೂವರೆ.
ಅವನು ನಿಂತು ಮೀಟುತ್ತಾನೆ,
ಉಳಿದವರ ಕೈ ಚುರುಕಾಗುತ್ತದಂತೆ. ಅಂತೆ.
ಲೆಕ್ಕದಲ್ಲಿ ಅದೆಲ್ಲ ಬೇರೆಯವರ ಹೆಸರಿಗೆ ಜಮೆ.
ಒಂಬತ್ತು, ಮೃಗ ಸಾಕುವವರು: ಅವರ ಕರಡಿ
ಬೇಡದ ಕೋಣೆಗೆ ನುಗ್ಗಿ
ಮಲಗಿದ್ದ ಭೂತಗಳನ್ನೆಲ್ಲ ಎಬ್ಬಿಸಿಕೊಂಡು ಬರುತ್ತದೆ.

ಶನಿವಾರ, ಹನ್ನೊಂದು ದಾಟಿತ್ತು.
ತುಕ್ಕುದೊರೆಯ ಜೀವ ನೂರಕ್ಕೆ ಹದಿನಾಲ್ಕು ಉಳಿದಾಗ
ಕರೆಂಟು ಹೋಯಿತು.
ಅಮ್ಮತ್ತಿ, ಪಾಲಿಬೆಟ್ಟ, ಸಿದ್ದಾಪುರ, ಒಟ್ಟಿಗೇ.
ಯುಪಿಎಸ್ಸುಗಳು ಮರಿಗಳ ಹಾಗೆ ಕೂಗತೊಡಗಿದವು.
ಮೊಯ್ದುವಿನ ಇನ್ನೊಂದು ಫೋನು ರಿಂಗಾದದ್ದು
ಹೆಡ್‌ಫೋನಿನಲ್ಲಿ ನಮಗೆಲ್ಲ ಕೇಳಿತು.
ಹೂಂ ಸಾರ್. ಬೈನೆ ಮರವಾ? ತಂತಿ ಮೇಲೇನಾ?
ಆನೆ ಇನ್ನೂ ಅಲ್ಲೇ ಇದೆಯಾ?
ಆಮೇಲೆ ನಮ್ಮ ಕಡೆಗೆ: ಹೋಗಿ ಬರ್ತೀನಿ,
ನೀವು ಹೊಡೀತಾ ಇರಿ.

ಲೈನ್‌ಮನ್ ಎದ್ದು ಹೋದ. ಹಾಡುಗಾರ
ಎಡಗಡೆಯ ಕಂಬದ ಬುಡದಲ್ಲಿ ನಿಂತೇ ಇದ್ದ,
ತಂಬೂರಿ ಜೋತುಬಿದ್ದು.
ಕಠಾರಿಗಳು ನಿಧಾನವಾದವು.
ನನ್ನ ಮಂತ್ರ ಒಂದು ಉಸಿರು ತಡವಾಯಿತು,
ಆ ಒಂದು ಉಸಿರಿನಲ್ಲಿ ಟೀಚರ್ ಬಿದ್ದಳು.
ಆಮೇಲೆ ಎಲ್ಲರೂ, ಬಸ್ಸಿಗೆ ಕ್ಯೂ ನಿಂತ ಹಾಗೆ ಒಬ್ಬೊಬ್ಬರೇ.
ಕೊನೆಗೆ ಅವನಿಲ್ಲದ ಅವನೂ.

ಬಾಗಿಲು ತೆರೆದು ಹೊರಗೆ ನಿಂತೆ.
ಸಿದ್ದಾಪುರದ ಕಡೆ ಪಟಾಕಿ ಸಿಡಿಯಿತು, ಮೂರು.
ಆನೆ ಓಡಿಸುವವರದು.
ಕೋಟೆಯೊಳಗೆ ಪ್ರತಿಯೊಬ್ಬರ ತಲೆಯ ಮೇಲೂ
ಒಂದು ಹಸಿರು ಗೆರೆ,
ಯಾರಿಗೆ ಎಷ್ಟು ಉಳಿದಿದೆ ಎಂದು ನನಗೆ ಗೊತ್ತು.
ಇಲ್ಲಿ ಕಾಫಿ ತೋಟದ ಮೇಲೆ ಬರೀ ಕತ್ತಲೆ.
ಎಲ್ಲೋ ಒಂದು ಕಂಬ, ಕಂಬದ ಮೇಲೊಬ್ಬ.
ಗೆರೆ ಎಷ್ಟೆಂದು ಕಾಣಲಿಲ್ಲ.
ಸುಮ್ಮನೆ ಬೆರಳುಗಳು ಗುಣಮಾಡುವ ಕೀಲಿಯನ್ನು
ಗಾಳಿಯಲ್ಲಿ ಒತ್ತುತ್ತಿದ್ದವು. ನಾಚಿ ಕಿಸೆಗೆ ಹಾಕಿಕೊಂಡೆ.

ಎರಡಕ್ಕೆ ಹತ್ತು ನಿಮಿಷ ಇರುವಾಗ
ಇನ್ಸುಲಿನ್ನಿನ ಫ್ರಿಜ್ ಗುರ್ ಎಂದಿತು.
ಬಲ್ಬು ಆಮೇಲೆ ಕಂಡದ್ದು.

ಸೋಮವಾರ ಬಂದ, ಅಂಗೈ ಬೊಬ್ಬೆಗೆ ಪ್ಲಾಸ್ಟರ್ ಬೇಕಿತ್ತು.
ಪಟ್ಟಿ ಗಾಜಿನಡಿ ಇತ್ತು, ಮುಚ್ಚಲು ಹೊಳೆಯಲಿಲ್ಲ.
ನಾನು ಎಷ್ಟನೆಯವನು?
ಎಂಟು.
ಎಷ್ಟರಲ್ಲಿ?
ಒಂಬತ್ತರಲ್ಲಿ.
ಕರಡಿಗಿಂತ ಮೇಲಲ್ವಾ, ಸಾಕು ಬಿಡಿ,
ಎಂದು ನಕ್ಕು, ಚಿಲ್ಲರೆ ಎಣಿಸಿಕೊಂಡು ಹೋದ.

ಪಟ್ಟಿ ಬದಲಿಸಲಿಲ್ಲ. ಲೆಕ್ಕ ಲೆಕ್ಕವೇ,
ನೂರಕ್ಕೆ ಎರಡು ಅಂದರೆ ಎರಡು.
ಮುಂದಿನ ರೇಡಿಗೆ ಅದರದೇ ಫೋಟೋ ಕಳಿಸಿದೆ.
ಎಂಟರ ಪಕ್ಕ ಒಂದು ಚುಕ್ಕೆ ಇದೆಯಲ್ಲ, ಏನದು,
ಎಂದು ಸೆಲ್ವರಾಜು ಕೇಳಿದ.
ಪೆನ್ನು ತಾಗಿದ್ದು ಅಂದೆ.