ಮುಕ್ಕಾಲು ಮೀಟರು

ಅಪ್ಪನ ಬಸ್ಸಿನ ಮುಳ್ಳು ಸತ್ತು ಎರಡು ವರ್ಷ.
ಗಾಜಿನೊಳಗೆ ಸೊನ್ನೆಗೆ ಒರಗಿ ಮಲಗಿಬಿಟ್ಟಿದೆ.
ಅಕ್ಕಲಕೋಟ ಡಿಪೋದ ಮೆಕ್ಯಾನಿಕ್ಕು
ಬೋಲ್ಟು ಬಿಗಿಯುತ್ತ ಅಂದಿದ್ದ:
‘ಗಾಡಿ ಓಡ್ತದಲ್ಲ, ಮುಳ್ಳ ಯಾಕ ಓಡಬೇಕು?’

ಅಪ್ಪನಿಗೂ ಮುಳ್ಳು ಬೇಡ.
ಹಿಂದಿನ ಕಿಟಕಿ ಕಟಕಟಿಸಿದರೆ ಮೂವತ್ತು,
ಟಪ್ಪಿನ ಏಣಿ ಹಾಡಿದರೆ ನಲವತ್ತೈದು,
ಎರಡೂ ಒಮ್ಮೆಲೇ ಸುಮ್ಮನಾದರೆ
ಕಾಲು ತೆಗೆಯಬೇಕು.

ಬೇಕಿದ್ದದ್ದು ನನಗೆ. ಒಂಬತ್ತನೆಯ ಇಯತ್ತೆ, ಕನ್ನಡ ಶಾಲೆ.
ಹತ್ತೂರೆ ಅಕ್ಕೋರು ಹಲಗೆಯ ಮೇಲೆ ಬರೆದಿದ್ದರು:
ಜವಕ್ಕೆ ದಿಕ್ಕಿಲ್ಲ.
ವೇಗಕ್ಕೆ ದಿಕ್ಕುಂಟು.
ಕಡೆಯ ಬೆಂಚಿನಿಂದ ಮಾಳಪ್ಪ ಎದ್ದ:
‘ಜವನಿಗೆ ದಿಕ್ಕೈತ್ರಿ ಅಕ್ಕೋರ. ದಕ್ಷಿಣ.
ಅದಕ್ಕಾ ನಮ್ಮ ಮನಿಗೆ ಅತ್ತ ಬಾಗಿಲಿಲ್ಲ.’
ಅಕ್ಕೋರು ಸೀಮೆಸುಣ್ಣ ಕೆಳಗಿಟ್ಟು ನಕ್ಕರು.
ಆ ಜವ ಬೇರೆ, ಈ ಜವ ಬೇರೆ,
ಬರಕೊಳ್ರಿ.

ಕಂಡಕ್ಟರ್ ಪವಾರ ಮಾಮಾನ ಮಗ ಮರಾಠಿ ಶಾಲೆಗೆ ಹೋಗುತ್ತಾನೆ.
ಅವನಿಗೆ ಮೊದಲನೆಯದು ಚಾಲ, ಎರಡನೆಯದು ವೇಗ,
ಮೂರನೆಯದು ತ್ವರಣ: ಅಂದು ಮುಗಿಸಿ ಆಟಕ್ಕೆ ಓಡುತ್ತಾನೆ.
ನನ್ನ ವೇಗೋತ್ಕರ್ಷ ಇನ್ನೂ
ಬಾಯಲ್ಲೇ ಗೇರು ಬದಲಿಸುತ್ತಿರುತ್ತದೆ.

ಶನಿವಾರ ಅರ್ಧ ಶಾಲೆ. ಅಪ್ಪನ ಮಗ್ಗುಲಿನ ಸೀಟು,
ತೊಡೆಯ ಮೇಲೆ ವಹಿ, ಅಣ್ಣನ ಕೈಗಡಿಯಾರ.
ಮರಾಠಿ ಅಂಕಿಯ ಕಿಲೋಮೀಟರ್ ಕಲ್ಲು ಒಂದು ಹೋಯಿತು,
ಇನ್ನೊಂದು ಬರಲು ಎಂಬತ್ತು ಸೆಕೆಂಡು.
ಸಾವಿರವನ್ನು ಎಂಬತ್ತರಿಂದ ಭಾಗಿಸಿದೆ:
ಸೆಕೆಂಡಿಗೆ ಹನ್ನೆರಡೂವರೆ ಮೀಟರು,
ಅಂದರೆ ಗಂಟೆಗೆ ನಲವತ್ತೈದು ಕಿಲೋಮೀಟರು.
ತಲೆಯೆತ್ತಿ ಕೇಳಿದೆ.
ಏಣಿ ಹಾಡುತ್ತಿತ್ತು.

ಮೈಂದರ್ಗಿ ಸ್ಟ್ಯಾಂಡಿನಿಂದ ಹೊರಟು ಹಾಡು ಹಿಡಿಯಲು
ಇಪ್ಪತ್ತೈದು ಸೆಕೆಂಡು. ಹನ್ನೆರಡೂವರೆ ಭಾಗಿಸು ಇಪ್ಪತ್ತೈದು, ಅರ್ಧ.
ಸೆಕೆಂಡು ಸೆಕೆಂಡಿಗೂ, ಸೆಕೆಂಡಿಗೆ ಅರ್ಧ ಮೀಟರು.
ಯಾಕೆ ಎರಡು ಸಲ ಸೆಕೆಂಡು? ಪುಸ್ತಕ ಹೇಳಿರಲಿಲ್ಲ;
ಸೀಟು ನನ್ನ ಬೆನ್ನು ಒತ್ತಿ ಒತ್ತಿ ಹೇಳಿತು,
ಹಾಡು ಹಿಡಿದ ಮೇಲೆ ಬಾಯಿ ಮುಚ್ಚಿಕೊಂಡಿತು.
ತಿರುವಿನಲ್ಲಿ ಏಣಿಯದು ಅದೇ ರಾಗ, ಅದೇ ನಲವತ್ತೈದು,
ಆದರೂ ಶೇಂಗಾದ ಚೀಲ ಜಾರಿ ನನ್ನ ಭುಜಕ್ಕೆ ಬಂತು.
ಜವ ಬದಲಾಗಿರಲಿಲ್ಲ. ವೇಗ ಬದಲಾಗಿತ್ತು:
ರಸ್ತೆ ದಕ್ಷಿಣಕ್ಕೆ ಹೊರಳಿತ್ತು.

ಅಲ್ಲೇ ನಿಂತಿತ್ತು ಕುರಿ. ಒಂದೇ ಒಂದು.
ಹಿಂಡೆಲ್ಲ ದಾಟಿ ಕಬ್ಬಿನ ಬದುವಿನಲ್ಲಿತ್ತು,
ಇದಕ್ಕೆ ಮಾತ್ರ ಡಾಂಬರಿನ ಮೇಲೆ ಏನೋ ಮರೆತಿತ್ತು.
ಬೇವಿನ ಮರದ ಹತ್ತಿರ ಅಪ್ಪ ಬ್ರೇಕು ತುಳಿದ.
ಕಡಕ್ ರೊಟ್ಟಿಯ ಗಂಟು, ಹಾಲಿನ ಕ್ಯಾನು, ಪವಾರ ಮಾಮಾ,
ಎಲ್ಲರೂ ಒಟ್ಟಿಗೆ ಮುಂದಕ್ಕೆ ಬಾಗಿ
ಅಪ್ಪನಿಗೆ ನಮಸ್ಕಾರ ಮಾಡಿದರು.
ಐದು ಸೆಕೆಂಡು.

ಇಳಿದು ಅಳೆದೆ. ಮರದಿಂದ ಕುರಿಯ ತನಕ
ನನ್ನ ಉದ್ದುದ್ದ ಹೆಜ್ಜೆ ನಲವತ್ತು, ಮೂವತ್ತೆರಡು ಮೀಟರು.
ಲೆಕ್ಕದಲ್ಲಿ ಬಸ್ಸು ಓಡಿದ್ದು ಮೂವತ್ತೊಂದೂಕಾಲು.
ಇಷ್ಟೇ ಉಳಿದದ್ದು
ಆ ಜವಕ್ಕೂ ಈ ಜವನಿಗೂ ನಡುವೆ: ಮುಕ್ಕಾಲು ಮೀಟರು.
ಸೆಕೆಂಡು ಸೆಕೆಂಡಿಗೂ ಎರಡೂವರೆ ಕಳೆಯುತ್ತ ಬಂದದ್ದಕ್ಕೆ
ಪುಸ್ತಕದ ಹೆಸರು ಋಣ ವೇಗೋತ್ಕರ್ಷ.
ಋಣ ಅಂದರೆ ಬರೀ ಕಳೆಯುವ ಚಿಹ್ನೆ ಅಂದುಕೊಂಡಿದ್ದೆ.
ಕುರಿಗಾರ ಓಡಿಬಂದು, ಏನೂ ಮಾತಾಡದೆ,
ಬಸ್ಸಿನ ಮೂತಿ ಮುಟ್ಟಿ ಕಣ್ಣಿಗೊತ್ತಿಕೊಂಡ.

ಪರೀಕ್ಷೆಯಲ್ಲಿ ಬಂತು:
ಅಕ್ಕಲಕೋಟದಿಂದ ಹೊರಟ ಬಸ್ಸು ದುಧನಿ ಮುಟ್ಟಿ
ಸಂಜೆ ಅಕ್ಕಲಕೋಟಕ್ಕೇ ಮರಳಿದರೆ ಸರಾಸರಿ ವೇಗವೆಷ್ಟು?
ಸೊನ್ನೆ ಅಂತ ಬರೆದೆ. ಎರಡಕ್ಕೆ ಎರಡು ಸಿಕ್ಕಿತು.

ಸಹಿಗೆ ಕೊಟ್ಟಾಗ ಅಪ್ಪ ಆ ಸೊನ್ನೆಯ ಮೇಲೆ
ಗ್ರೀಸಿನ ಬೆರಳಿಟ್ಟ.
‘ಇದು ನಮ್ಮ ಗಾಡಿದೇನ?’
ಹೂಂ ಅಂದೆ. ಹೊರಟಲ್ಲಿಗೇ ಬಂದರೆ ಹಾಂಗ, ಅಪ್ಪಾ.
ಬಹಳ ಹೊತ್ತು ನೋಡಿದ. ಮೀಸೆಯಲ್ಲಿ ನಗು ಬಂತು:
‘ಹಂಗಾರ ಆ ಮುಳ್ಳ
ಎರಡು ವರ್ಷದಿಂದ ಖರೇನ ಹೇಳಾಕತ್ತಿತ್ತು.’
ಬೆರಳು ಒರೆಸಿಕೊಂಡು ಸಹಿ ಮಾಡಿದ,
ಡಿಪೋದ ಹಾಜರಿಗೆ ಹಾಕುವ ಮರಾಠಿ ಸಹಿಯಲ್ಲ,
ಕನ್ನಡದ್ದು, ನಿಧಾನ,
ಒಂದೊಂದು ಅಕ್ಷರಕ್ಕೂ ನಿಲ್ಲಿಸಿ ನಿಲ್ಲಿಸಿ.