ಹೇಳದೆ ಬರುವವನ ತಟ್ಟೆ

ಕ್ರಿಸ್‌ಮಸ್ ಮುನ್ನಾದಿನ ಲುಬ್ಲಿನ್ನಿನಲ್ಲಿ
ಮೊದಲ ಚುಕ್ಕಿ ಮೂಡುವ ತನಕ ಉಪವಾಸ;
ಆಮೇಲೆ ಹನ್ನೆರಡು ಬಗೆ. ಒಂದನ್ನೂ ಬಿಡುವಂತಿಲ್ಲ.
ಬೊಗುಮಿವಾ ಅಜ್ಜಿಗೆ ಡಾಕ್ಟರು ಹೇಳಿದ್ದು: ಅರ್ಧ ಹೊಟ್ಟೆ.

ಟ್ರಾಲಿಬಸ್ಸು ಓಡಿಸಿದ ಕೈ, ಬ್ರೇಕು ಗೊತ್ತು.
ಬೀಟ್‌ರೂಟ್ ಸಾರು ಮೂರು ಚಮಚ,
ಕಾರ್ಪ್ ಮೀನಿನ ಬಾಲದ ತುಂಡು,
ಗಸಗಸೆಯ ಸಿಹಿ ಬೆರಳ ತುದಿಯಷ್ಟು,
ಅದನ್ನೂ ಕಣ್ಣು ಮುಚ್ಚಿ, ನಿಧಾನ.

ಮಿಕ್ಕಿದ್ದೆಲ್ಲ ಪಕ್ಕದ ಖಾಲಿ ತಟ್ಟೆಗೆ.
ಅದು ಹೇಳದೆ ಬರುವ ಅತಿಥಿಗೆಂದು ಇಟ್ಟದ್ದು.
'ಅವನಿಗೇನು ಸಕ್ಕರೆ ಕಾಯಿಲೆಯೇ?'
ನಕ್ಕಳು. ಕೋಟು ತೊಟ್ಟು
ಮೊಮ್ಮಗನೊಡನೆ ಹಿಮದಲ್ಲಿ ಎರಡು ಸುತ್ತು ಹಾಕಿ ಬಂದಳು.

ರಾತ್ರಿ ಎರಡಕ್ಕೆ ಅಡುಗೆಮನೆಯಲ್ಲಿ ಸದ್ದು.
ಅತಿಥಿ ಬಂದೇಬಿಟ್ಟಿದ್ದ:
ಉಣ್ಣೆಯ ಕಾಲುಚೀಲ, ಮೀಸೆಯಲ್ಲಿ ಗಸಗಸೆ,
ಮೊನ್ನೆಯಷ್ಟೇ ಸ್ಟೆಂಟು ಹಾಕಿಸಿಕೊಂಡ ಅಳಿಯ.

ಅಜ್ಜಿ ಬೈಯಲಿಲ್ಲ.
ಇನ್ನೊಂದು ಚಮಚ ತಂದು
ಎದುರಿಗೆ ಕೂತಳು.